ಆತಕೂರಿನ ಹತ್ತಿರದ ನಾಯಿಗಳ ತೋಟ

ಮದ್ದೂರು ಬಂತೆಂದರೆ ನಮ್ಮ ಕಾಲದವರಿಗೆ ವಡೆಯ ನೆನಪು. ನಾನೂ ಒಂದು ತಿಂದೇ ಬಸ್ಸು ಬದಲಿಸಿದೆ. ಅಲ್ಲಿಂದ ಒಳದಾರಿ, ಎರಡೂ ಕಡೆ ಕಬ್ಬು. ಆತಕೂರಿನ ಆಸುಪಾಸಿನಲ್ಲಿ ನನ್ನ ಸೋದರಮಾವನ ಮಗನ ತೆಂಗಿನ ತೋಟವಿದೆ. ಗಂಡ ಹೆಂಡತಿ ಇಬ್ಬರಿಗೂ ಅರವತ್ತು ದಾಟಿದೆ. ಜೊತೆಗೆ ಹನ್ನೊಂದು ನಾಯಿ, ಆರು ಬೆಕ್ಕು!

ಒಂದನ್ನೂ ಅವರು ಕೊಂಡು ತಂದಿಲ್ಲ. ಹೆದ್ದಾರಿಯಲ್ಲಿ ಕಾಲು ಮುರಿದುಕೊಂಡು ಬಿದ್ದಿದ್ದವು ಕೆಲವು, ಗೋಣಿಚೀಲದಲ್ಲಿ ಸಿಕ್ಕಿದ ಮರಿಗಳು ಕೆಲವು. ಒಂದು ಮುದಿ ಲ್ಯಾಬ್ರಡಾರ್ ಕೂಡ ಇದೆ. ವಯಸ್ಸಾಯಿತೆಂದು ಯಾರೋ ಕಾರಿನಲ್ಲಿ ತಂದು ಬಿಟ್ಟುಹೋದರಂತೆ. ಕಾರಿನ ಸದ್ದು ಕೇಳಿದರೆ ಅದು ಈಗಲೂ ಎದ್ದು ಗೇಟಿನವರೆಗೆ ಹೋಗುತ್ತದೆ.

ಹಳ್ಳಿಯಲ್ಲಿ ಜಾಗ ಇದೆ, ಬಿಟ್ಟರಾಯಿತು ಎಂದು ನೀವು ಎಣಿಸಬಹುದು. ಹಾಗಲ್ಲ ಮಕ್ಕಳೇ. ಹೊಸ ನಾಯಿಯನ್ನು ಮೊದಲು ಬೇರೆಯಾಗಿ ಇಟ್ಟು, ರೋಗವಿಲ್ಲವೆಂದು ನೋಡಿ, ಲಸಿಕೆ ಹಾಕಿಸಿ, ಆಮೇಲೆ ಉಳಿದವುಗಳ ಜೊತೆ ಬಿಡುತ್ತಾರೆ. ಹೊಸ ಬೆಕ್ಕಿಗೆ ಎರಡು ಮೂರು ವಾರ ಕೋಣೆವಾಸ. ಮೊದಲೇ ಬಿಟ್ಟರೆ ಅದು ಹಳೆಯ ಮನೆ ಹುಡುಕುತ್ತಾ ಹೊರಟುಬಿಡುತ್ತದೆ. ಎಲ್ಲಕ್ಕೂ ಸಂತಾನಹರಣ ಚಿಕಿತ್ಸೆ ಆಗಿದೆ. ನಾಯಿಯ ಗರ್ಭ ಎರಡೇ ತಿಂಗಳು ತಾನೇ? ಆರು ನಾಯಿ ಮೂವತ್ತಾಗಲು ಹೆಚ್ಚು ದಿನ ಬೇಡ. ಬಡ್ಡಿಯ ಲೆಕ್ಕ ಬರೆದ ನನಗೆ ಇದು ತಕ್ಷಣ ಅರ್ಥವಾಯಿತು.

ಸಂಜೆ ಆರಾದರೆ ಎಲ್ಲವೂ ಒಳಗೆ. ಈ ಸೀಮೆಯ ಕಬ್ಬಿನ ಗದ್ದೆಗಳಲ್ಲಿ ಚಿರತೆಗಳು ಅಡಗುತ್ತವೆ, ಅವಕ್ಕೆ ನಾಯಿ ಎಂದರೆ ಬಲು ಇಷ್ಟ. ತಂತಿಬಲೆಯ ಕೊಟ್ಟಿಗೆಗೆ ಬೀಗ ಹಾಕುವ ಮುಂಚೆ ಅಕ್ಕ ಒಂದೊಂದರ ಹೆಸರು ಕೂಗಿ ಎಣಿಸುತ್ತಾರೆ. ಆ ದಿನ ಹತ್ತೇ ಇದ್ದವು. ಟಾರ್ಚ್ ಹಿಡಿದು ಅರ್ಧ ಗಂಟೆ ಅಲೆದೆವು. ಮೂರು ಕಾಲಿನ ಕೆಂಚ ಪಂಪ್ ಮನೆಯ ಹಿಂದೆ ಹಾಯಾಗಿ ಮಲಗಿತ್ತು. ಅಕ್ಕ ಬೈದರು, ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಈ ಆತಕೂರಿಗೂ ನಾಯಿಗೂ ಹಳೆಯ ನಂಟು. ಸಾವಿರ ವರ್ಷಕ್ಕೂ ಹಿಂದೆ, ಸುಮಾರು ಕ್ರಿ.ಶ. 949-50ರಲ್ಲಿ, ಮಣಲೇರನೆಂಬ ವೀರನ ಶೌರ್ಯಕ್ಕೆ ಮೆಚ್ಚಿದ ಒಡೆಯ ಏನು ಬೇಕೆಂದು ಕೇಳಿದ. ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಮುಂದೆ ಕಾಳಿ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಅಜ್ಜ ಅಜ್ಜಿಯರು ಮೊಮ್ಮಕ್ಕಳಿಗೆ ತೋರಿಸಿ. ನನಗೆ ಮೆಚ್ಚಿಗೆಯಾದದ್ದು ಇನ್ನೊಂದು: ಕಲ್ಲಿನ ಪೂಜೆ ನಿಲ್ಲಬಾರದೆಂದು ಭೂಮಿಯನ್ನೂ ಬಿಟ್ಟುಕೊಟ್ಟರು. ಬರೀ ಪ್ರೀತಿಯನ್ನು ನೆಚ್ಚಿಕೊಳ್ಳಲಿಲ್ಲ.

"ನಾಯಿ ಹನ್ನೆರಡು ವರ್ಷ ಬದುಕುತ್ತೆ. ನಾವು?" ಎಂದ ನನ್ನ ತಮ್ಮ, ರಾತ್ರಿ ಊಟದ ಹೊತ್ತಿಗೆ. ಅದಕ್ಕೇ ಈಗ ಹೊಸ ನಾಯಿ ತೆಗೆದುಕೊಳ್ಳುವುದಿಲ್ಲ. ನಾನಿದ್ದಾಗಲೇ ಯಾರೋ ನಾಲ್ಕು ಮರಿಗಳಿವೆ ಎಂದು ಫೋನು ಮಾಡಿದರು. ಅಕ್ಕ ಇಲ್ಲ ಎಂದರು. ಅರ್ಧ ಗಂಟೆ ಕೂತು ಬೇರೆ ಮನೆಗಳಿಗೆ ತಾವೇ ಫೋನು ಮಾಡಿದರು. ಎರಡಕ್ಕೆ ಮನೆ ಸಿಕ್ಕಿತು.

ಬೆಳಿಗ್ಗೆ ತಮ್ಮ ತೋಟ ತೋರಿಸಿದ. ನಾಲೆಯ ಬದಿಯ ಎರಡು ಸಾಲು ತೆಂಗಿಗೆ ಕೆಂಪು ಬಣ್ಣದ ಪಟ್ಟಿ. ಆ ಕಾಯಿಯ ಹಣ ನಾಯಿ ಬೆಕ್ಕುಗಳಿಗೆ ಮಾತ್ರ, ತಾವಿಲ್ಲದ ಮೇಲೂ ಹಾಗೇ ಎಂದು ಬರೆದಿಟ್ಟಿದ್ದಾನೆ. ಪಕ್ಕದ ಮನೆಯ ಏಳನೇ ತರಗತಿಯ ಹುಡುಗ ಲಸಿಕೆಯ ದಿನಾಂಕ, ಕಾಯಿಯ ಲೆಕ್ಕ ಬರೆಯುತ್ತಾನೆ. ಅವನ ಪುಸ್ತಕಕ್ಕೆ ಜಮಾ, ಖರ್ಚು ಎಂದು ಗೆರೆ ಎಳೆದುಕೊಟ್ಟು ಬಂದೆ.