ಅಂಚಿನ ನಂಬರ್

ನಾವು ಮೂವರು. ಒಬ್ಬ ಆಳಂದದವ, ಒಬ್ಬ ಅಫಜಲಪುರದವ, ಒಬ್ಬ ಜೇವರ್ಗಿಯವ. ಹಾಸ್ಟೆಲ್‌ನಲ್ಲಿ ನಮ್ಮನ್ನು ಯಾರೂ ಹೆಸರು ಹಿಡಿದು ಕರೆಯೋದಿಲ್ಲ, ಊರಿನ ಹೆಸರೇ ನಮ್ಮ ಹೆಸರು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು ನಾವು. ಕನ್ನಡದಲ್ಲಿ ಇಷ್ಟು ಉದ್ದ ಬರೀತಿರೋದು ಇದೇ ಮೊದಲು, ತಪ್ಪಿದ್ರೆ ಸೀನಿಯರ್‌ಗಳು ತಿದ್ದಬೇಕು.

ಜೇವರ್ಗಿಯವನ ಅಜ್ಜ ಒಂದು ಕಾಲಕ್ಕೆ ಫೋಟೋ ಸ್ಟುಡಿಯೋ ಇಟ್ಟಿದ್ದರು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಂಪನಿಯ ‘ಇಂದು’ ಫಿಲ್ಮ್ ಬಳಸಿದವರು. ಹೋದ ಬೇಸಿಗೆ ರಜೆಯಲ್ಲಿ ಅವರ ಕ್ಯಾಮೆರಾ, ಟ್ಯಾಂಕ್, ರೀಲ್ ನಮ್ಮ ಕೈಗೆ ಬಂದವು. ಕಪಾಟಿನಲ್ಲಿ ಒಂದು ಹಳೆ ರೋಲ್ ಸಿಕ್ಕಿತು, ಇನ್ನೆರಡು ಆನ್‌ಲೈನ್‌ನಲ್ಲಿ ತರಿಸಿದೆವು. ಊರಿಗೊಂದು ರೋಲ್ ಅಂತ ಲೆಕ್ಕ. ಅಜ್ಜನ ಬಚ್ಚಲಮನೆಯೇ ಡಾರ್ಕ್‌ರೂಮ್, ಬಾಗಿಲಿಗೆ ಎರಡು ಕೌದಿ.

ಹಳೆ ರೋಲ್ ಆಳಂದಕ್ಕೆ ಹೋಯಿತು. ಲಾಡ್ಲೇ ಮಶಾಕ್ ದರ್ಗಾದ ಸುತ್ತ ತೆಗೆದ ಫೋಟೋಗಳು. ಡೆವಲಪರ್ 20 ಡಿಗ್ರಿ ಇರಬೇಕು ಅಂತ ಬಕೆಟ್‌ನಲ್ಲಿ ಐಸ್ ಹಾಕಿ, ಅದರಲ್ಲಿ ಬಾಟಲಿ ಇಟ್ಟು ತಣಿಸಿದೆವು. ಆಮೇಲೆ ತೊಳೆದದ್ದು ಮಾಳಿಗೆ ಮೇಲಿನ ಟ್ಯಾಂಕಿನ ನೀರಲ್ಲಿ. ನಮ್ಮ ಕಡೆ ಮೇ ತಿಂಗಳಲ್ಲಿ ಆ ನೀರು ಹೇಗಿರುತ್ತೆ ಅಂತ ಹೇಳಬೇಕಾ? ಫಿಲ್ಮ್ ಮೇಲಿನ ಪದರ ಜೆಲಾಟಿನ್. ಒದ್ದೆಯಾಗಿ ಉಬ್ಬಿದಾಗ ತಣ್ಣಗಿಂದ ಒಮ್ಮೆಲೇ ಬಿಸಿಗೆ ಬಿದ್ದರೆ ಅದು ಸುಕ್ಕುಗಟ್ಟುತ್ತೆ. ಈಗಿನ ಫಿಲ್ಮ್‌ಗಳಲ್ಲಿ ಕಮ್ಮಿ, ನಮ್ಮದು ಹಳೆಯದು. ದರ್ಗಾದ ಗುಮ್ಮಟವೆಲ್ಲಾ ಬೇಸಿಗೆಯಲ್ಲಿ ಬಿರಿದ ಎರಿ ಹೊಲದ ಹಾಗೆ ಕಂಡಿತು. ಇದಕ್ಕೆ ರಿಪೇರಿ ಇಲ್ಲ.

ಎರಡನೇದು ಜೇವರ್ಗಿ ರೋಲ್. ಹೊರಗೆ ತೆಗೆದರೆ ಫಿಲ್ಮ್ ಪೂರ್ತಿ ಹಾಲು ಚೆಲ್ಲಿದ ಹಾಗೆ ಬೆಳ್ಳಗೆ. ಎದೆ ಧಸಕ್ ಅಂತು. ಅಜ್ಜ ನಕ್ಕರು. “ಗಾಬರಿ ಆಗಬ್ಯಾಡ್ರಿ, ಹೊಸ ಹೈಪೋದಾಗ ಮತ್ತೊಮ್ಮಿ ಹಾಕ್ರಿ.” ಡೆವಲಪ್ ಆಗದೆ ಉಳಿದ ಬೆಳ್ಳಿಯ ಲವಣವನ್ನು ಕರಗಿಸೋದು ಹೈಪೋ ಕೆಲಸ. ಅದಕ್ಕೆ ನಾವು ಸಾಕಷ್ಟು ಟೈಮ್ ಕೊಟ್ಟಿರಲಿಲ್ಲ. ಮತ್ತೆ ಹಾಕಿದೆವು, ತಿಳಿಯಾಯಿತು. ಅಂದಿನಿಂದ ಮೊದಲು ಒಂದು ತುಂಡು ಫಿಲ್ಮ್ ಹೈಪೋದಲ್ಲಿ ಅದ್ದಿ ನೋಡ್ತೀವಿ. ಅದು ತಿಳಿಯಾಗೋಕೆ ಎಷ್ಟು ನಿಮಿಷ ಬೇಕೋ ಅದರ ಎರಡರಷ್ಟು ಹೊತ್ತು ರೋಲ್ ಇಡಬೇಕು.

ಮೂರನೇದು ಅಫಜಲಪುರದ್ದು. ಅವನ ಅಜ್ಜಿಯ ಹಳೆ ಮಣ್ಣಿನ ಮಾಳಿಗೆ ಮನೆಯನ್ನು ಮರುವಾರ ಕೆಡವೋರಿದ್ದರು. ಕಟ್ಟೆ ಮೇಲೆ ಅಜ್ಜಿ, ಒಲೆ ಮುಂದೆ ಅಜ್ಜಿ, ತೊಲೆ, ಗೂಡು, ಎಲ್ಲಾ ಸೇರಿ 36 ಫೋಟೋ. ಕ್ಯಾಮೆರಾಕ್ಕೆ ರೋಲ್ ಹಾಕಿದವನೂ, ಫೋಟೋ ತೆಗೆದವನೂ ಅವನೇ. ಕೆಮಿಕಲ್ ಹಾಕಿದವನು ಜೇವರ್ಗಿಯವ. ಅಜ್ಜ ಆ ದಿನ ಕಣ್ಣಿನ ಆಪರೇಷನ್‌ಗೆ ಕಲಬುರಗಿಗೆ ಹೋಗಿದ್ದರು.

ಫಿಲ್ಮ್ ಈ ತುದಿಯಿಂದ ಆ ತುದಿವರೆಗೆ ಖಾಲಿ. ಗಾಜಿನ ಹಾಗೆ.

“ಮೊದಲ್ ಹೈಪೋ ಹಾಕೀಯಲೇ ನೀ!” ಅಂದ ಅಫಜಲಪುರದವ. ಎರಡೂ ಒಂದೇ ಥರದ ಬಾಟಲಿ. ಹೈಪೋ ಮೊದಲು ಬಿದ್ದರೆ ಎಲ್ಲಾ ಕರಗಿ ಹೋಗುತ್ತೆ, ಅದು ನಿಜ. ಜೇವರ್ಗಿಯವನಿಗೂ ತನ್ನ ಮೇಲೇ ಅನುಮಾನ ಬಂತು. ಮಾತು ಬೆಳೀತು, ಅಫಜಲಪುರದವ ಬ್ಯಾಗ್ ಹಿಡಿದು ಸಂಜೆ ಬಸ್ಸಿಗೆ ಹೋದ. ನಾಲ್ಕು ದಿನ ಫೋನ್ ಇಲ್ಲ.

ಅಜ್ಜ ಕಪ್ಪು ಕನ್ನಡಕ ಹಾಕ್ಕೊಂಡು ವಾಪಸ್ ಬಂದರು. ಫಿಲ್ಮ್ ನೋಡೋಕೆ ಆಗ್ತಿರಲಿಲ್ಲ, ಒಂದೇ ಮಾತು ಕೇಳಿದರು. “ಅಂಚಿನ ಮ್ಯಾಲಿನ ನಂಬರ್ ಕಾಣ್ತಾವೇನು?”

“ಹೂಂ ಅಜ್ಜಾ, ಕಪ್ಪಗ ಕಾಣ್ತಾವರಿ.”

“ಹಂಗಾದ್ರ ಡೆವಲಪ್ ಬರೋಬ್ಬರಿ ಆಗ್ಯಾದ.”

ಫಿಲ್ಮ್ ಅಂಚಿನ ನಂಬರನ್ನು ಫ್ಯಾಕ್ಟರಿಯಲ್ಲೇ ಬೆಳಕು ಕೊಟ್ಟು ಮೂಡಿಸಿರ್ತಾರೆ. ಅದು ಕಾಣಬೇಕಾದರೂ ಡೆವಲಪರ್ ಬೇಕು. ಹೈಪೋ ಮೊದಲು ಬಿದ್ದಿದ್ದರೆ ನಂಬರೂ ಇರ್ತಿರಲಿಲ್ಲ. ನಂಬರ್ ಇದೆ, ಚಿತ್ರ ಇಲ್ಲ ಅಂದ್ರೆ ಫಿಲ್ಮ್‌ಗೆ ಬೆಳಕೇ ಬಿದ್ದಿಲ್ಲ. ರೋಲ್‌ನ ತುದಿ ಸ್ಪೂಲ್‌ನಿಂದ ಜಾರಿತ್ತು. ಲಿವರ್ ಎಳೆದಂಗೆಲ್ಲಾ ಕೌಂಟರ್ ಮುಂದೆ ಹೋಯಿತು, ಫಿಲ್ಮ್ ನಿಂತಲ್ಲೇ ನಿಂತಿತ್ತು. ವಾಪಸ್ ಸುತ್ತುವಾಗ ಎರಡೇ ಸುತ್ತಿಗೆ ಸಡಿಲಾಗಿದ್ದು ಆಗ ನೆನಪಾಯಿತು.

ಲ್ಯಾಬ್‌ನಲ್ಲಿ ಸರ್ಕ್ಯೂಟ್ ಕೆಲಸ ಮಾಡದಿದ್ರೆ ಮೊದಲು ಸಪ್ಲೈ ಚೆಕ್ ಮಾಡು ಅಂತ ನಮಗೆ ಗೊತ್ತು. ಆದರೆ ಗೆಳೆಯನ ವಿಷಯದಲ್ಲಿ ಚೆಕ್ ಮಾಡೋಕೆ ಮೊದಲೇ ತೀರ್ಪು ಕೊಟ್ಟಿದ್ದೆವು. ‘ಕೊಟ್ಟಿದ್ದೆವು’ ಅಂತ ಬರೆದದ್ದು ಬೇಕಂತಲೇ. ಆಳಂದದವ ಸುಮ್ಮನೆ ನಿಂತು ನೋಡಿದ, ಅದೂ ತೀರ್ಪೇ.

ಫೋನ್ ಮಾಡಿ ಹೇಳಿದಾಗ ಅಫಜಲಪುರದವ ಎಷ್ಟೋ ಹೊತ್ತು ಮಾತಾಡಲಿಲ್ಲ. ಮರುದಿನ ಮೊದಲ ಬಸ್ಸಿಗೇ ಬಂದ. ಜೇವರ್ಗಿಯವನ ಮುಂದೆ ನಿಂತು “ತಪ್ಪಾಯ್ತಲೇ” ಅಂದ. “ಚಾ ಕುಡಿ ನಡಿ” ಅಂದ ಇವನು.

ಮನೆ ಅಷ್ಟರಲ್ಲಿ ಬಿದ್ದಿತ್ತು. ಇನ್ನೊಂದು ರೋಲ್ ತರಿಸಿ ಮೂವರೂ ಹೋದೆವು. ಅಜ್ಜಿ ಕಿತ್ತಿಟ್ಟ ತೊಲೆ ಮೇಲೆ ಕೂತಿದ್ದರು. ಲಿವರ್ ಎಳೆದಾಗ ರಿವೈಂಡ್ ಗುಂಡಿಯೂ ತಿರುಗಿದರೆ ಫಿಲ್ಮ್ ಓಡ್ತಿದೆ ಅಂತ ಅರ್ಥ. ಫೋಟೋ ತೆಗೆಯುವವ ಅಫಜಲಪುರದವನೇ, ಪಕ್ಕದಲ್ಲಿ ಜೇವರ್ಗಿಯವ ಪ್ರತಿ ಸಲ ಕೇಳ್ತಿದ್ದ: “ತಿರಗಲಾಕತ್ತದೇನು ನೋಡು.”

“ತಿರಗಲಾಕತ್ತದಲೇ.”