ಕುಳಗೇರಿ ಕ್ರಾಸಿನಿಂದ ದುಬೈಗೆ ಒಂದು ಗೊಂಬೆ

ಅಕ್ಕೋರೆ,

ನಿಮ್ಮ ಪತ್ರ ತಲುಪಿತು. ಮೂರನೇ ಇಯತ್ತೆಯ ಮಕ್ಕಳು ಇಂಗ್ಲಿಷ್ ಪದ್ಯವನ್ನು ಗಡಗಡ ಒಪ್ಪಿಸುತ್ತಾರೆ, ಆದರೆ ಹೊಸಬರು ಯಾರಾದರೂ ಬಂದು ಇಂಗ್ಲಿಷಿನಲ್ಲಿ ಹೆಸರು ಕೇಳಿದರೆ ಒಬ್ಬರ ಬೆನ್ನ ಹಿಂದೆ ಒಬ್ಬರು ಅಡಗುತ್ತಾರೆ ಅಂತ ಬರೆದಿದ್ದೀರಿ. ಹೊರದೇಶದ ಶಾಲೆಯೊಂದರ ಜೊತೆ ಆನ್‌ಲೈನಿನಲ್ಲಿ ಕೂಡಿ ಏನಾದರೂ ಮಾಡಬಹುದೇ ಎಂದು ಕೇಳಿದ್ದು ನನಗೆ ಬಹಳ ಹಿಡಿಸಿತು. ಅದರ ಕೆಳಗೆ ಸಣ್ಣಗೆ ಬರೆದ “ನಮ್ಮಂಥಾ ಕ್ರಾಸಿನ ಸಾಲಿ ಜೋಡಿ ಯಾರು ಬರತಾರ್ರೀ?” ಅನ್ನುವುದು ಮಾತ್ರ ಹಿಡಿಸಲಿಲ್ಲ. ಹುಬ್ಬಳ್ಳಿಯಿಂದ ವಿಜಯಪುರದ ಕಡೆ ಹೋಗುವ ಹೆದ್ದಾರಿ ಬಿಟ್ಟು ಬಾದಾಮಿಗೆ ತಿರುಗುವ ಜಾಗ ನಿಮ್ಮದು. ಅಲ್ಲಿಯ, 578ರ ಶಾಸನವಿರುವ ಮೂರನೇ ಗುಹೆ ನೋಡಲು ಹೊರಟ ವಿದೇಶಿಯರು ನಿಮ್ಮೂರನ್ನು ಕಿಟಕಿಯಿಂದ ನೋಡಿಕೊಂಡೇ ಹೋಗುತ್ತಾರೆ. ಅವರಿಗೂ ನಿಮ್ಮ ಮಕ್ಕಳಿಗೂ ನಡುವೆ ಮಾತು ನಡೆಯುವ ಸಂದರ್ಭ ಬಂದಿಲ್ಲ, ಅಷ್ಟೆ.

ನಮ್ಮ ಸರಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಶುರುವಾದದ್ದು 2007ರಲ್ಲಿ. ಅಂದಿನಿಂದ ಪಠ್ಯ ಬಂದಿದೆ, ತರಬೇತಿ ಬಂದಿದೆ, ಕೆಲವು ಕಡೆ ಸ್ಮಾರ್ಟ್ ಕ್ಲಾಸೂ ಬಂದಿದೆ. ಆದರೆ ಕನ್ನಡದಲ್ಲೇ ಎಲ್ಲ ನಡೆದುಹೋಗುವ ಊರಿನಲ್ಲಿ ಎಂಟು ವರ್ಷದ ಮಗುವಿಗೆ ಇಂಗ್ಲಿಷ್ ಆಡುವ ಗರಜು ಎಲ್ಲಿದೆ? ಆ ಗರಜು ಹುಟ್ಟಿಸುವುದೇ ಇಂಥ ಜೋಡಿ ಶಾಲೆಯ ಕೆಲಸ.

ಇನ್ನು ಜೋಡಿ ಯಾರು ಅನ್ನುವುದು. ಲಂಡನ್ನಿನ ಶಾಲೆ ಸಿಕ್ಕರೆ ಶುದ್ಧ ಇಂಗ್ಲಿಷ್ ಬರುತ್ತದೆ ಎಂಬ ಆಸೆ ನಿಮ್ಮ ಪತ್ರದಲ್ಲಿ ಇಣುಕುತ್ತದೆ. ನನಗೆ ಅದರಲ್ಲಿ ನಂಬಿಕೆ ಕಡಿಮೆ. ಯುರೋಪಿನಲ್ಲಿ 2005ರಿಂದ ಈ-ಟ್ವಿನ್ನಿಂಗ್ ಎಂಬ ಯೋಜನೆ ನಡೆದಿದೆ. ಅಲ್ಲಿ ಪೋಲೆಂಡಿನ ಒಂದು ತರಗತಿ ಪೋರ್ಚುಗಲ್ಲಿನ ಇನ್ನೊಂದರ ಜೊತೆ ಕೂಡಬಹುದು. ಎರಡೂ ಕಡೆಯವರಿಗೆ ಇಂಗ್ಲಿಷ್ ಮನೆಮಾತಲ್ಲ, ಹಾಗಾಗಿ ತಪ್ಪಿದರೆ ನಗುವವರಿಲ್ಲ. ಆ ಬಾಗಿಲು ಭಾರತಕ್ಕೆ ತೆರೆದಿಲ್ಲ. ಅಮೆರಿಕ ಮತ್ತು ಸೋವಿಯತ್ ಶಾಲೆಗಳನ್ನು ಜೋಡಿಸಲು 1988ರಲ್ಲಿ ಹುಟ್ಟಿದ ಐಅರ್ನ್ ಜಾಲ ಮಾತ್ರ ನಮ್ಮ ದೇಶದಲ್ಲೂ ಇದೆ. 2009ರಲ್ಲಿ ಶಿಕ್ಷಣ ಸಂಶೋಧಕ ಸುಗತ ಮಿತ್ರಾ ಅವರು ಬ್ರಿಟನ್ನಿನ ಹಿರಿಯರನ್ನು ಸ್ಕೈಪ್ ಮೂಲಕ ಭಾರತದ ಮಕ್ಕಳಿಗೆ ಕಥೆ ಹೇಳಲು ಕೂರಿಸಿದ ‘ಗ್ರ್ಯಾನಿ ಕ್ಲೌಡ್’ ನಿಮಗೆ ನೆನಪಿರಬಹುದು. ಚಂದದ ಕೆಲಸ. ಆದರೂ ಅಲ್ಲಿ ಕೊಡುವವರು ಒಂದು ಕಡೆ, ಪಡೆಯುವವರು ಇನ್ನೊಂದು ಕಡೆ. (ಆ ಸ್ಕೈಪ್ ಕೂಡ 2025ರ ಮೇ ತಿಂಗಳಲ್ಲಿ ಕಣ್ಣುಮುಚ್ಚಿತು. ಯಾವ ಆ್ಯಪನ್ನೂ ಬಹಳ ನಂಬಿ ಕೂಡಬೇಡಿ.)

ನಿಮ್ಮ ಮಕ್ಕಳಿಗೆ ನಾನು ಹುಡುಕುವ ಜೋಡಿ ಬೇರೆ. ದುಬೈಯಲ್ಲಿ ನಮ್ಮವರು ನಡೆಸುವ ಕನ್ನಡ ಪಾಠಶಾಲೆ ಇದೆ. ಅಮೆರಿಕದ ಊರೂರಲ್ಲಿ ವಾರದ ಕೊನೆಗೆ ಕನ್ನಡ ಕಲಿಸುವ ತರಗತಿಗಳಿವೆ. ಅಲ್ಲಿನ ಮಕ್ಕಳಿಗೆ ಇಂಗ್ಲಿಷ್ ನೀರು ಕುಡಿದಷ್ಟು ಸಲೀಸು, ಕನ್ನಡದ ಒತ್ತಕ್ಷರ ಬಂದರೆ ಪೆನ್ಸಿಲ್ ಕಚ್ಚುತ್ತಾರೆ. ನಿಮ್ಮವರದು ಇದರ ತದ್ವಿರುದ್ಧ. ಒಂದೇ ನಿಯಮ ಮಾಡಿ: ಯಾರಿಗೆ ಯಾವುದು ಬರುವುದಿಲ್ಲವೋ ಅವರು ಅದರಲ್ಲೇ ಬರೆಯಬೇಕು. ಅಲ್ಲಿಂದ “ನಾನು ಒಂಟೆ ನೊಡಿದೆ” ಅಂತ ಬಂದಾಗ ನಿಮ್ಮ ಕೊನೆಯ ಸಾಲಿನ ಹುಡುಗ ಎದ್ದು ನಿಂತು “ಅಕ್ಕೋರೆ, ದೀರ್ಘ ಬಿಟ್ಟಾನ್ರಿ!” ಅಂತ ಕೂಗದೆ ಇರುತ್ತಾನೆಯೇ? ಹಾಗೆ ಕೂಗಿದವನು ಮರುದಿನ ತನ್ನ ಇಂಗ್ಲಿಷ್ ತಪ್ಪಿಗೆ ಅಷ್ಟೊಂದು ಅಂಜುವುದಿಲ್ಲ. ತೀರಾ ತಡವರಿಸಿದಾಗ ಕೈಹಿಡಿಯಲು ಇಬ್ಬರಿಗೂ ಕನ್ನಡವಿದೆ. ಅತ್ತಿತ್ತಲ ಶಿಕ್ಷಕರು ಮಾತಾಡಿಕೊಳ್ಳುವುದೂ ಸುಲಭ.

ವಿಡಿಯೋ ಕಾಲ್‌ನಿಂದ ಮಾತ್ರ ಶುರು ಮಾಡಬೇಡಿ. ಒಂದು ಶಾಲೆಯಲ್ಲಿ ನಾನು ನೋಡಿದ್ದೇನೆ. ನಲವತ್ತು ಮಕ್ಕಳು, ಒಂದು ಪರದೆ. ಇತ್ತಲಿಂದ ಒಕ್ಕೊರಲಿನ “ಹೌ ಆರ್ ಯೂ”, ಅತ್ತಲಿಂದ “ಫೈನ್”. ಆಮೇಲೆ ಎರಡೂ ಕಡೆ ಕೈ ಬೀಸುತ್ತ ನಿಂತರು, ಅಷ್ಟರಲ್ಲಿ ರೇಂಜು ಹೋಯಿತು. ಎಳೆಯ ಮಗುವಿಗೆ ಮಾತು ಹುಡುಕಿಕೊಳ್ಳಲು ಹೊತ್ತು ಬೇಕು. ಇಂಟರ್‌ನೆಟ್ಟಿನ ಸುಳಿವೂ ಇಲ್ಲದ 1926ರಲ್ಲಿ ಫ್ರಾನ್ಸಿನ ಸೆಲೆಸ್ತಾಂ ಫ್ರೆನೆ ಎಂಬ ಹಳ್ಳಿ ಮಾಸ್ತರರು ದಕ್ಷಿಣದ ಗುಡ್ಡಗಾಡಿನ ತಮ್ಮ ಮಕ್ಕಳಿಗೂ ಅದೇ ದೇಶದ ಬ್ರಿಟನಿ ಪ್ರಾಂತ್ಯದ ಕಡಲ ಕರೆಯ ಮಕ್ಕಳಿಗೂ ಅಂಚೆಯಲ್ಲಿ ಗೆಳೆತನ ಕಟ್ಟಿದರು. ಶಾಲೆಯ ಪುಟ್ಟ ಅಚ್ಚುಯಂತ್ರದಲ್ಲಿ ಮಕ್ಕಳೇ ಮೊಳೆ ಜೋಡಿಸಿ ತಮ್ಮ ಬರಹ ಮುದ್ರಿಸಿ ಕಳಿಸುತ್ತಿದ್ದರು. ಉತ್ತರಕ್ಕಾಗಿ ಕಾಯುವುದೂ ಅಲ್ಲಿ ಪಾಠವೇ ಆಗಿತ್ತು.

ಐಅರ್ನ್‌ನಲ್ಲಿ ಚಿಕ್ಕ ಮಕ್ಕಳಿಗೆಂದೇ ಟೆಡ್ಡಿ ಬೇರ್ ಯೋಜನೆ ಇದೆ. ಎರಡು ಶಾಲೆಗಳು ಒಂದೊಂದು ಗೊಂಬೆಯನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಅತಿಥಿ ಗೊಂಬೆ ದಿನಕ್ಕೊಬ್ಬ ಮಗುವಿನ ಮನೆಗೆ ಹೋಗುತ್ತದೆ, ಮಗು ಗೊಂಬೆಯ ಬಾಯಲ್ಲಿ ಡೈರಿ ಬರೆದು ಅದರ ತವರಿಗೆ ಇಮೇಲ್ ಮಾಡುತ್ತದೆ. ನಿಮಗೆ ಕರಡಿ ಯಾಕೆ ಬೇಕು? ಹಳೇ ಬಟ್ಟೆಯಲ್ಲಿ ಗೊಂಬೆ ಹೊಲಿದು ಅರಳೆ ತುಂಬಿ, ಗುಳೇದಗುಡ್ಡದ ಖಣದ ಕುಪ್ಪಸ ತೊಡಿಸಿ, ಇಳಕಲ್ ಸೀರೆಯ ಕೆಂಪು ಸೆರಗಿನ ತುಂಡು ಉಡಿಸಿ. ಇಂಥದ್ದು ಮಾಡಿಕೊಡುವ ಅಜ್ಜಿ ನಿಮ್ಮ ಓಣಿಯಲ್ಲೇ ಸಿಗುತ್ತಾಳೆ. ದುಬೈಗೆ ಹೊರಟ ಯಾರದಾದರೂ ಚೀಲದಲ್ಲಿ ಕಳಿಸಿದರಾಯಿತು. ಅಲ್ಲಿಂದ ಬಂದ ಗೊಂಬೆಯನ್ನು ನಿಮ್ಮವರು ಬಾದಾಮಿಗೆ ಕರೆದೊಯ್ಯಲಿ. “ಐ ವೆಂಟ್ ಟು ಬಾದಾಮಿ. ಎ ಮಂಕಿ ಟುಕ್ ಮೈ ಬನಾನಾ. ಐ ಕ್ರೈಡ್.” ಅತ್ತದ್ದು ಗೊಂಬೆ, ವ್ಯಾಕರಣ ತಪ್ಪಿದರೂ ತಪ್ಪಿದ್ದು ಗೊಂಬೆಯೇ! ನಾಚುವ ಮಗುವಿಗೆ ಇದಕ್ಕಿಂತ ಒಳ್ಳೆಯ ಮರೆ ಇಲ್ಲ. ಅತ್ತಲಿಂದ “ಬಾಳೆಹಣ್ಣು ತಿಂದ ಮಂಗ ಏನು ಮಾಡಿತು?” ಅಂತ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಬರೆಯಲು ಆಗ ಯಾರೂ ಒತ್ತಾಯ ಮಾಡಬೇಕಾಗಿಲ್ಲ.

ವಾರಕ್ಕೆ ಒಂದು ಫೋಟೋ, ನಾಲ್ಕು ಸಾಲು, ಅರ್ಧ ನಿಮಿಷದ ಧ್ವನಿ. ನಿಮ್ಮ ಮೊಬೈಲಿನಲ್ಲೇ ಆಗುತ್ತದೆ. ಕರೆಂಟ್ ಹೋದರೆ ನಾಳೆ ಕಳಿಸಿ. ಗೆಳೆತನ ಬಲಿತ ಮೇಲೆ ಒಂದು ಶನಿವಾರ ಮುಖ ನೋಡಿಕೊಳ್ಳಲಿ. ಇಲ್ಲಿ ಬೆಳಗಿನ ಹತ್ತು ಅಂದರೆ ದುಬೈಯಲ್ಲಿ ಎಂಟೂವರೆ, 2022ರಿಂದ ಅಲ್ಲಿ ಶನಿವಾರ ರಜೆಯೂ ಹೌದು. ಅಮೆರಿಕ ಕೈಗೆಟುಕುವುದು ಕಷ್ಟ. ನಿಮ್ಮ ಶನಿವಾರದ ಬೆಳಗಿನ ಶಾಲೆ ಎಂಟಕ್ಕೆ ಶುರುವಾದಾಗ ಕ್ಯಾಲಿಫೋರ್ನಿಯಾದಲ್ಲಿ ಶುಕ್ರವಾರ ಸಂಜೆ, ವಾರದ ಕೊನೆಯ ಕನ್ನಡ ತರಗತಿ ಇನ್ನೂ ಶುರುವಾಗಿರುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಬಿಗಿಯಾಗಿರಿ. ಪಾಲಕರ ಒಪ್ಪಿಗೆ ಬರಹದಲ್ಲಿ ಇರಲಿ. ಪೂರ್ತಿ ಹೆಸರು, ಮನೆ ವಿಳಾಸ, ಫೋನ್ ನಂಬರ್ ಯಾವುದೂ ಹೋಗಕೂಡದು. ಎಲ್ಲವೂ ಇಬ್ಬರು ಶಿಕ್ಷಕರ ಕೈ ದಾಟಿಯೇ ಹೋಗಲಿ, ಬರಲಿ. ಮಗುವಿನ ಮುಖಕ್ಕಿಂತ ಗೊಂಬೆಯ ಮುಖವೇ ಫೋಟೋದಲ್ಲಿ ಹೆಚ್ಚು ಕಾಣಲಿ.

ಬರುವ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಮಾತು ತೆಗೆಯಿರಿ. ದುಬೈ ಕಡೆಯ ಪರಿಚಯದವರನ್ನು ನಾನು ಕೇಳುತ್ತೇನೆ. ದಸರಾ ರಜೆ ಮುಗಿದೊಡನೆ ಗೊಂಬೆಗಳು ಹೊರಟರೆ ಅಲ್ಲಿಯದು ಬನದ ಹುಣ್ಣಿಮೆಗೆ ಇಲ್ಲಿರುತ್ತದೆ. ಆಗಿನ ಬನಶಂಕರಿ ಜಾತ್ರೆ, ನಾಟಕ ಕಂಪನಿಯ ಡೇರೆ, ಮಿಠಾಯಿ ಅಂಗಡಿ, ಬರೆಯಲು ತಿಂಗಳಿಗಾಗುವಷ್ಟು ಸರಕು. ಗೊಂಬೆಗೆ ಏನು ಹೆಸರಿಟ್ಟರು ಅಂತ ಮುಂದಿನ ಪತ್ರದಲ್ಲಿ ತಿಳಿಸಿ. ಹೆಸರು ನೀವು ಸೂಚಿಸಬೇಡಿ, ಮಕ್ಕಳೇ ಜಗಳಾಡಿ ಇಡಲಿ.

ನಿಮ್ಮ ವಿಶ್ವಾಸಿ,
ಪತ್ರಮಿತ್ರ