ಬೆಳ್ಳಿಯಿಲ್ಲದ ಬೆಳ್ಳಿ

ರಾಯಚೂರಿನಿಂದ ಗದ್ವಾಲ ಮಾರ್ಗವಾಗಿ ನಾವು ರಾಜೋಳಿಗೆ ಹೋದದ್ದು ಮದುವೆ ಸೀರೆ ತರಲು. ತುಂಗಭದ್ರೆಯ ದಡದಲ್ಲಿರುವ ನೇಕಾರರ ಊರದು. 2009ರ ಅಕ್ಟೋಬರ್ ನೆರೆಯಲ್ಲಿ ನದಿ ಊರೊಳಗೇ ನುಗ್ಗಿ ಮನೆಗಳನ್ನೂ ಮಗ್ಗಗಳನ್ನೂ ಹಾಳುಗೆಡವಿತ್ತು. ಈಗ ಮತ್ತೆ ಮಗ್ಗದ ಸದ್ದು ಕೇಳಿಸುತ್ತದೆ.

ಸೀರೆ ಕೊಳ್ಳುವವರು ಮೊದಲು ಕೇಳುವುದು, ಜರಿ ಅಸಲಿಯೇ ಎಂದು. ಅಸಲಿ ಜರಿಯಲ್ಲಿ ರೇಷ್ಮೆ ನೂಲಿಗೆ ಬೆಳ್ಳಿ ತಂತಿ ಸುತ್ತಿ ಮೇಲೆ ಚಿನ್ನದ ಲೇಪ ಕೊಟ್ಟಿರುತ್ತಾರೆ. ಅಗ್ಗದ್ದರಲ್ಲಿ ಒಳಗಿರುವುದು ತಾಮ್ರ. ಉಜ್ಜಿದರೆ ಕೆಂಪು ಇಣುಕುತ್ತದೆ.

ಸಂಜೆ ಬೀದಿಯಲ್ಲಿ ಮದುವೆ ಮೆರವಣಿಗೆ ಬಂತು. ಬ್ಯಾಂಡಿನವರೊಬ್ಬರ ಕೈಯಲ್ಲಿ ಹಳೆಯ ಕ್ಲಾರಿಯೊನೆಟ್ ಇತ್ತು. ನಮ್ಮ ಧರ್ಮಕೇಂದ್ರದ ಯುವಕರು ತೇರಿನ ಬ್ಯಾಂಡಿಗೆ ಅದೇ ವಾದ್ಯ ಕೊಳ್ಳಲು ಚಂದಾ ಎತ್ತುತ್ತಿರುವುದರಿಂದ, ಬಿಡುವು ಸಿಕ್ಕಾಗ ಹತ್ತಿರ ಹೋಗಿ ನೋಡಿದೆವು. ಕಪ್ಪು ಕೊಳವೆಯ ಮೇಲೆ ಥಳಥಳಿಸುವ ಕೀಗಳು.

"ಇದು ಬೆಳ್ಳೀನಾ ಅಣ್ಣಾ?"

"ಎಲ್ಲಿಯ ಬೆಳ್ಳಿ! ಜರ್ಮನ್ ಸಿಲ್ವರ್," ಎಂದು ನಕ್ಕರು.

ಹೆಸರು ಬೆಳ್ಳಿ, ಒಳಗೆ ಬೆಳ್ಳಿಯ ಚೂರೂ ಇಲ್ಲ. ನೂರು ಭಾಗದಲ್ಲಿ ಸುಮಾರು 60ರಿಂದ 65 ತಾಮ್ರ, 18ರ ಆಸುಪಾಸು ನಿಕಲ್, ಉಳಿದದ್ದು ಸತು. ಚೀನಾದಿಂದ ಬರುತ್ತಿದ್ದ ಇಂಥದೇ ಬಿಳಿ ಲೋಹವನ್ನು 1820ರ ದಶಕದಲ್ಲಿ ಜರ್ಮನಿಯವರು ತಾವೇ ತಯಾರಿಸಿದ್ದರಿಂದ ಈ ಹೆಸರು. ಹಾಗೆಂದು ಇದನ್ನು ನಕಲಿ ಎನ್ನುವುದು ಅನ್ಯಾಯ. ಕ್ಲಾರಿಯೊನೆಟ್ಟಿನ ಸಾಮಾನ್ಯ ಮಾದರಿಗೆ 17 ಕೀ, 6 ಉಂಗುರ, ಎಲ್ಲವೂ ಸಣಕಲು. ಶುದ್ಧ ಬೆಳ್ಳಿ ಇದಕ್ಕೆ ಮೆದುವಾಯಿತು, ಬಾಗಿಬಿಡುತ್ತದೆ. ಕೀ ಕೂದಲೆಳೆಯಷ್ಟು ಬಾಗಿದರೂ ರಂಧ್ರ ಪೂರ್ತಿ ಮುಚ್ಚದೆ ಗಾಳಿ ಸೋರಿ ಸ್ವರ ಕೀಚಲಾಗುತ್ತದೆ. ಕದ್ರಿ ಗೋಪಾಲನಾಥರು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಸ್ಯಾಕ್ಸೊಫೋನಿನ ಕೀಗಳು ದೊಡ್ಡವು, ದಪ್ಪ. ಅವಕ್ಕೆ ಸಾಮಾನ್ಯವಾಗಿ ಹಿತ್ತಾಳೆಯೇ ಸಾಕು.

ಆ ಅಣ್ಣನ ವಾದ್ಯದಲ್ಲಿ ಬೆರಳು ತಾಗುವ ಕಡೆಗಳಲ್ಲಿ ಮೇಲಿನ ಲೇಪ ಸವೆದು ತುಸು ಹಳದಿ ಕಾಣುತ್ತಿತ್ತು. ಒಂದು ಕೀ ಮುರಿದು ಬೆಸುಗೆ ಹಾಕಿಸಿದ ಗುರುತನ್ನೂ ತೋರಿಸಿದರು. ಜರ್ಮನ್ ಸಿಲ್ವರ್ ಆದರೆ ಹೀಗೆ ಬೆಸೆಯಬಹುದು, ಬಾಗಿದ್ದನ್ನು ನೆಟ್ಟಗೆ ಮಾಡಬಹುದು. ತೀರಾ ಅಗ್ಗದ ಕೆಲವು ವಾದ್ಯಗಳಲ್ಲಿ ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಎರೆದು ಕೀ ಮಾಡಿರುತ್ತಾರೆ. ಹೊಳಪಿಗೇನೂ ಕಡಿಮೆಯಿಲ್ಲ, ಆದರೆ ನೆಟ್ಟಗೆ ಮಾಡಲು ಹೋದರೆ ಪಟ್ಟನೆ ಮುರಿಯುತ್ತದೆ, ಬೆಸುಗೆಯೂ ಸರಿಯಾಗಿ ಹಿಡಿಯದು. ಮನೆಮನೆಯಿಂದ ಕೂಡಿಸಿದ ಹಣ ತೇರಿನ ದಿನವೇ ಕೈಕೊಟ್ಟಂತೆ!

ನುಡಿಸಿದ ಮೇಲೆ ಬೆವರು ಒರೆಸಿಡಬೇಕೆಂದೂ ಅವರು ಹೇಳಿದರು. ಉಪ್ಪು ಕೂತರೆ ಲೋಹ ಕಂದುತ್ತದೆ. ಹೆಗಲ ಮೇಲಿನ ಟವೆಲಿನಿಂದ ಒಂದೊಂದೇ ಕೀ ಒರೆಸುತ್ತಿದ್ದರು. ಅಷ್ಟರಲ್ಲಿ ಮುಂದಿನಿಂದ ಡ್ರಮ್ ಬಾರಿಸಿದ್ದು ಕೇಳಿ, ವಾದ್ಯವನ್ನು ತುಟಿಗಿಟ್ಟುಕೊಂಡು ಮೆರವಣಿಗೆ ಸೇರಿಕೊಂಡರು.